ಹಕ್ಕಿಯ ಕೊಕ್ಕು, ನಮ್ಮ ಕೈ



ಇವತ್ತು ಹಕ್ಕಿಯ ಕೊಕ್ಕಿನ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ನಮ್ಮ ಅಡುಗೆ ಮನೆ ನೋಡಿ. ಹೆಚ್ಚೋಕೆ ಈಳಿಗೆ ಮಣೆ. ಬಡಿಸೋಕೆ ಸೌಟು. ಜಾಲಿಸೋಕೆ ಜರಡಿ. ಒಂದೊಂದು ಕೆಲಸಕ್ಕೆ ಒಂದೊಂದು ಸಾಮಾನು. ಹಕ್ಕಿಗೆ ಕೈಯಿಲ್ಲ. ಅದರ ಮುಖ್ಯ ಸಾಮಾನು ಕೊಕ್ಕು. ಊಟ ಹೇಗೋ ಕೊಕ್ಕೂ ಹಾಗೆ.

ಗುಬ್ಬಿಯ ಕೊಕ್ಕು ಗಿಡ್ಡ, ದಪ್ಪ. ಕಾಳಿನ ಸಿಪ್ಪೆ ಬಿಡಿಸುತ್ತದೆ. ಗಿಳಿಯದು ಅಡಕತ್ತರಿ ಇದ್ದ ಹಾಗೆ. ಗಟ್ಟಿ ಬೀಜ ಒಡೆಯುತ್ತದೆ. ಹದ್ದಿನ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿದೆ. ಮಾಂಸ ಹರಿಯುತ್ತದೆ. ಸೂರಕ್ಕಿಯದು ಬಾಗಿದ ಸೂಜಿ. ಹೂವಿನೊಳಗೆ ಹಾಕಿ ಮಕರಂದ ಹೀರುತ್ತದೆ. ಮರಕುಟಿಗನದು ಬಡಗಿಯ ಉಳಿ. ಮರ ಕುಟ್ಟಿ ತೂತು ಮಾಡುತ್ತದೆ. ಉದ್ದ ನಾಲಿಗೆ ಚಾಚಿ ಹುಳು ಎಳೆಯುತ್ತದೆ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಅಂತ ಊರಿದೆ. ಅಲ್ಲಿಗೆ ಹೆಜ್ಜಾರ್ಲೆ ಹಕ್ಕಿಗಳು ಬರುತ್ತವೆ. ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆಯ ಉದ್ದ ಕೊಕ್ಕಿನ ಕೆಳಗೆ ತೊಗಲಿನ ಚೀಲ ಇದೆ. ನೀರಿನ ಸಮೇತ ಮೀನನ್ನು ಬಾಚಿಕೊಳ್ಳುತ್ತದೆ. ನೀರು ಹೊರಗೆ ಬಿಡುತ್ತದೆ. ಮೀನು ನುಂಗುತ್ತದೆ. ಆ ಊರಿನವರು ಈ ಹಕ್ಕಿಗಳನ್ನು ಓಡಿಸೋದಿಲ್ಲ. ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ ಕಾಣುತ್ತಾರೆ.

ಈ ಕೊಕ್ಕುಗಳು ಒಂದು ದಿನದಲ್ಲಿ ಆದದ್ದಲ್ಲ. ಲಕ್ಷಾಂತರ ವರ್ಷ ಹಿಡಿಯಿತು. ಸಿಗುವ ಆಹಾರಕ್ಕೆ ಒಪ್ಪುವ ಕೊಕ್ಕಿನ ಹಕ್ಕಿ ಚೆನ್ನಾಗಿ ಉಂಡಿತು. ಹೆಚ್ಚು ಮರಿ ಮಾಡಿತು. ಮರಿಗೂ ಅಂಥದೇ ಕೊಕ್ಕು ಬಂತು. ಹಾಗೇ ತಲೆತಲಾಂತರ ನಡೆಯಿತು.

ಇಲ್ಲಿ ಒಂದು ಕಷ್ಟ ಇದೆ. ಕೆರೆ ಬತ್ತಿದರೆ ಹೆಜ್ಜಾರ್ಲೆ ಏನು ಮಾಡಬೇಕು? ಗುಬ್ಬಿಯ ಹಾಗೆ ಕಾಳು ಹೆಕ್ಕೋಕೆ ಅದಕ್ಕೆ ಬರೋದಿಲ್ಲ. ಮರ ಕಡಿದರೆ ಮರಕುಟಿಗ ಎಲ್ಲಿ ಕುಟ್ಟಬೇಕು? ಹಕ್ಕಿ ತನ್ನ ಕೊಕ್ಕು ಬದಲಾಯಿಸಲಾರದು. ಅದಕ್ಕೇ ಕೆರೆ, ಮರ ಉಳಿಸಬೇಕಾದವರು ನಾವು.

ಆದರೆ ನಮ್ಮ ಕೈ ಹಕ್ಕಿಯ ಕೊಕ್ಕಲ್ಲ. "ಹೆಂಗಸಿನ ಕೈ ಇರೋದು ಸೌಟು ಹಿಡಿಯೋಕೆ" ಅಂದವರ ಮಾತು ಕೇಳಿದ್ದೀವಿ. ಅದೇ ಕೈ ಕಳೆ ಕಿತ್ತಿದೆ, ಮಗು ತೂಗಿದೆ. ಈಗ ಬಳಪ ಹಿಡಿದಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇವತ್ತು ಹೆಸರು ಬರೆಯುತ್ತಿದೆ.

ನಾಳೆ ನೀರಿಗೆ ಹೋದಾಗ ಒಂದು ಹಕ್ಕಿ ನೋಡಿ. ಕೊಕ್ಕು ಹೇಗಿದೆ? ಏನು ತಿನ್ನುತ್ತಿದೆ? ಸಂಜೆ ಬಂದು ಸ್ಲೇಟಿನ ಮೇಲೆ ಅದರ ಹೆಸರು ಬರೆಯಿರಿ.