ಕಾಗದದ ಮೇಲಿನ ಅರ್ಧ ಅಂಗುಲ

ಓಲೆಗರಿಯ ಪ್ರತಿಗಳನ್ನು ಓದಿ ಪಾಠ ನಿರ್ಣಯಿಸುವ ಕೆಲಸದಲ್ಲಿ ಬಹುಕಾಲ ಕಳೆದವನು ನಾನು. ಖಗೋಳಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇಂಗ್ಲೆಂಡಿನ ಒಂದು ರೇಡಿಯೋ ವೀಕ್ಷಣಾಲಯದಲ್ಲಿ 1967ರಲ್ಲಿ ನಡೆದ ಶೋಧದ ವೃತ್ತಾಂತವನ್ನು ಓದಿದಾಗ, ಇದು ನಮ್ಮ ಕಸುಬಿನವರ ಕಥೆಯೇ ಎನ್ನಿಸಿತು.

ಕೇಂಬ್ರಿಜ್ ನಗರದ ಸಮೀಪದಲ್ಲಿ ಮಲ್ಲಾರ್ಡ್ ರೇಡಿಯೋ ಖಗೋಳ ವೀಕ್ಷಣಾಲಯವಿದೆ. ಆಂಟನಿ ಹ್ಯೂಯಿಷ್ ಅವರು ಅಲ್ಲಿ ಯೋಜಿಸಿದ ಉಪಕರಣವನ್ನು ದೂರದರ್ಶಕವೆಂದು ಒಪ್ಪುವುದೇ ಕಷ್ಟ. ಗಾಜಿಲ್ಲ, ಕೊಳವೆಯಿಲ್ಲ. ನಾಲ್ಕೂವರೆ ಎಕರೆ ನೆಲದಲ್ಲಿ ಸಾವಿರಕ್ಕೂ ಮಿಕ್ಕಿದ ಮರದ ಕಂಬಗಳು, ಅವುಗಳ ನಡುವೆ ತಂತಿಗಳು. ಥೇಟು ದ್ರಾಕ್ಷಿಯ ಚಪ್ಪರ. ನಕ್ಷತ್ರಲೋಕದಿಂದ ಬರುವುದು ಬೆಳಕು ಮಾತ್ರವಲ್ಲ. ಈಗ ನನ್ನ ದನಿಯನ್ನು ನಿಮ್ಮ ಮನೆಗೆ ತರುತ್ತಿರುವ ಅಲೆಗಳ ಜಾತಿಯವೂ ಬರುತ್ತವೆ. ಅವನ್ನು ಹಿಡಿಯಲು ತಂತಿ ಸಾಕು. ಕಂಬ ನೆಟ್ಟು ತಂತಿ ಬಿಗಿದು ಎರಡು ವರ್ಷ ದುಡಿದವರಲ್ಲಿ ಜಾಸ್ಲಿನ್ ಬೆಲ್ ಎಂಬ ಸಂಶೋಧನ ವಿದ್ಯಾರ್ಥಿನಿಯೂ ಒಬ್ಬರು.

ಕ್ವೇಸಾರ್ ಎಂಬ ದೂರದ ಆಕಾಶಕಾಯಗಳ ಮಿನುಗನ್ನು ಅಳೆಯುವುದು ಉದ್ದೇಶ. ಉಪಕರಣದ ಲೇಖನಿ ದಿನಕ್ಕೆ ಸುಮಾರು ನೂರಡಿ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದನ್ನೆಲ್ಲ ಕಣ್ಣಿನಿಂದಲೇ ಓದುವ ಹೊಣೆ 24ರ ಆ ತರುಣಿಯದು. ನಮ್ಮ ಗರಿಗಳಲ್ಲಿ ಲಿಪಿಕಾರನ ಕೈತಪ್ಪು ಇರುವಂತೆ, ಅಲ್ಲಿ ಹಾದುಹೋಗುವ ಮೋಟಾರುಗಳ ಕಿಡಿಯೂ ಗೆರೆಯನ್ನು ಕೆಡಿಸುತ್ತಿತ್ತು. ಆಗಸ್ಟ್ ತಿಂಗಳಲ್ಲಿ ಅರ್ಧ ಅಂಗುಲದಷ್ಟು ಕದಡಿದ ಗುರುತೊಂದು ಕಂಡಿತು. ಕ್ವೇಸಾರಿನದಲ್ಲ, ಭೂಮಿಯ ಗದ್ದಲದಂತೆಯೂ ಇಲ್ಲ. ಬಿಟ್ಟು ಮುಂದೆ ಹೋಗಬಹುದಿತ್ತು. ಆಕೆ ಹೋಗಲಿಲ್ಲ, ಹಿಂದೆಯೂ ಎಲ್ಲೋ ಕಂಡಿದ್ದೇನಲ್ಲ ಎಂದು ಹಳೆಯ ಸುರುಳಿಗಳನ್ನು ಬಿಚ್ಚಿದರು. ಆಕಾಶದ ಅದೇ ತಾಣದಲ್ಲಿ ಅದೇ ಗುರುತು! ನವೆಂಬರ್ 28ರಂದು ಕಾಗದವನ್ನು ವೇಗವಾಗಿ ಓಡಿಸಿ ನೋಡಿದಾಗ ಆ ಕಲೆಯೇ ಬಿಡಿಸಿಕೊಂಡು ಮಿಡಿತಗಳ ಸಾಲಾಯಿತು. ಒಂದಕ್ಕೂ ಇನ್ನೊಂದಕ್ಕೂ 1.3 ಸೆಕೆಂಡಿನ ಸಮ ಅಂತರ.

ಗುರುಗಳಿಗೆ ದೂರವಾಣಿಯಲ್ಲಿ ತಿಳಿಸಿದರೆ, ಇದು ಮನುಷ್ಯಕೃತವೇ ಇರಬೇಕು ಎಂದರಂತೆ. ಇದನ್ನು ಓದಿ ನಾನು ತಲೆ ತಗ್ಗಿಸಬೇಕಾಯಿತು. ನನ್ನ ವಿದ್ಯಾರ್ಥಿಯೊಬ್ಬ ಒಮ್ಮೆ ಓಲೆಪ್ರತಿಯೊಂದರಲ್ಲಿ ವಿಚಿತ್ರವಾದ ಪದರೂಪವನ್ನು ತೋರಿಸಿದ. ಲಿಪಿಕಾರನ ಪ್ರಮಾದ, ತಿದ್ದಿಕೋ ಎಂದೆ. ತಿದ್ದಿಕೊಂಡ. ಕೆಲವು ವರ್ಷಗಳ ಮೇಲೆ ಬೇರೊಂದು ಪ್ರತಿಯಲ್ಲಿ ಅದೇ ರೂಪ ನನ್ನ ಕಣ್ಣಿಗೇ ಬಿತ್ತು. ಅಷ್ಟು ಹೊತ್ತಿಗೆ ಗ್ರಂಥ ಅಚ್ಚಾಗಿತ್ತು. ಹ್ಯೂಯಿಷ್ ನನಗಿಂತ ದೊಡ್ಡ ಗುರು: ಮರುದಿನವೇ ವೀಕ್ಷಣಾಲಯಕ್ಕೆ ಬಂದು ನಿಂತು ನೋಡಿದರು. ಮಿಡಿತ ಅವರೆದುರೂ ಬಂತು.

ಅನ್ಯಲೋಕದವರ ಕರೆಯಿರಬಹುದೇ ಎಂದು ಅದಕ್ಕೆ 'ಪುಟ್ಟ ಹಸುರು ಮನುಷ್ಯರು' ಎಂಬ ಅಡ್ಡಹೆಸರಿಟ್ಟು ನಕ್ಕರು. ಡಿಸೆಂಬರಿನಲ್ಲಿ ಆಕಾಶದ ಬೇರೆ ದಿಕ್ಕಿನಲ್ಲಿ ಎರಡನೆಯ ಮಿಡಿತ ಬೆಲ್ ಅವರಿಗೆ ಸಿಕ್ಕಿತು. ಎರಡು ಕಡೆಯ ಜೀವಿಗಳು ಒಂದೇ ಕಾಲಕ್ಕೆ ನಮ್ಮನ್ನೇ ಕೂಗುವುದುಂಟೆ? ಇಂಥವನ್ನು ಈಗ ಪಲ್ಸಾರ್ ಎನ್ನುತ್ತೇವೆ. ಸಿಡಿದ ಮಹಾನಕ್ಷತ್ರದ ಕುಸಿದ ತಿರುಳು ಅದು; ಸೂರ್ಯನಿಗಿಂತ ಹೆಚ್ಚಿನ ದ್ರವ್ಯ ಸುಮಾರು 20 ಕಿಲೋಮೀಟರ್ ಅಡ್ಡಳತೆಯ ಗೋಳದೊಳಗೆ ಅಡಕವಾಗಿರುತ್ತದೆ. ಅದು ತಿರುಗಿದಂತೆಲ್ಲ, ದೀಪಸ್ತಂಭದ ಬೆಳಕಿನ ಹಾಗೆ, ರೇಡಿಯೋ ಕಿರಣ ನಮ್ಮತ್ತ ಬಂದು ಹಾಯುತ್ತದೆ.

1974ರ ಭೌತವಿಜ್ಞಾನದ ನೊಬೆಲ್ ಬಹುಮಾನ ಹ್ಯೂಯಿಷ್ ಅವರಿಗೂ ಮಾರ್ಟಿನ್ ರೈಲ್ ಅವರಿಗೂ ಸಂದಿತು. ಬೆಲ್ ಅವರ ಹೆಸರಿರಲಿಲ್ಲ. ಗುರುವಿನ ಯೋಜನೆಯಿಲ್ಲದೆ ಆ ಚಪ್ಪರವೇ ಏಳುತ್ತಿರಲಿಲ್ಲ, ಒಪ್ಪೋಣ. ಆದರೆ ಓದಿದ ಕಣ್ಣು ಯಾರದು? ಫ್ರೆಡ್ ಹಾಯ್ಲ್ ಬಹಿರಂಗವಾಗಿಯೇ ಆಕ್ಷೇಪಿಸಿದರು. ಬೆಲ್ ಮಾತ್ರ ದೂರಲಿಲ್ಲ. 2018ರಲ್ಲಿ 30 ಲಕ್ಷ ಡಾಲರಿನ ಬೇರೊಂದು ಬಹುಮಾನ ಬಂದಾಗ, ಅವಕಾಶವಂಚಿತರು ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಲೆಂದು ಅಷ್ಟನ್ನೂ ವಿದ್ಯಾರ್ಥಿವೇತನಕ್ಕೆ ಕೊಟ್ಟುಬಿಟ್ಟರು.

ನನ್ನ ಗ್ರಂಥಕ್ಕೆ ಎರಡನೆಯ ಮುದ್ರಣದ ಯೋಗ ಬರಲಿಲ್ಲ. ಆ ಪಾಠವನ್ನೂ ಅದನ್ನು ಕಂಡವನ ಹೆಸರನ್ನೂ ನನ್ನ ಪ್ರತಿಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ.