ಫೋನಿನ ಆ ತುದಿಯಲ್ಲಿರುವವರು

ಗೋವಾದಲ್ಲಿ 108 ಆಂಬ್ಯುಲೆನ್ಸ್ ಸೇವೆ ಆರಂಭವಾದದ್ದು 2008ರಲ್ಲಿ. ಅದೇ ವರ್ಷ ಕರ್ನಾಟಕಕ್ಕೂ ಬಂತು. ಸೈರನ್ ಕೇಳಿದಾಗ ನಮಗೆ ವಾಹನ ಕಾಣುತ್ತದೆ, ಕರೆ ಸ್ವೀಕರಿಸಿದವರು ಕಾಣುವುದಿಲ್ಲ.

ಗೋವಾದ ವಾಸ್ಕೋದ ಬೈನಾದಿಂದ ನಮ್ಮ ಕರ್ನಾಟಕದ ಕಡೆಯ ಕೂಲಿಕಾರರೊಬ್ಬರು ರಾತ್ರಿ ಎರಡು ಗಂಟೆಗೆ ಫೋನ್ ಮಾಡುತ್ತಾರೆ ಎಂದುಕೊಳ್ಳಿ. ಹೆಂಡತಿಗೆ ಹೆರಿಗೆ ನೋವು. ಕೊಂಕಣಿ ಬಾರದು, ಹಿಂದಿ ಅರೆಬರೆ, ಗಾಬರಿಯಲ್ಲಿ ಬೀದಿಯ ಹೆಸರೂ ನೆನಪಾಗದು. "ಅಣ್ಣಾ, ಹತ್ತಿರ ಗುಡಿ ಇದೆಯಾ, ಇಗರ್ಜಿ ಇದೆಯಾ?" ಎಂದು ಕರೆ ಸ್ವೀಕರಿಸಿದವರು ತಾಳ್ಮೆಯಿಂದ ಕೇಳಿ, ಹತ್ತಿರದ ಗಾಡಿ ಹುಡುಕಿ ಕಳಿಸಬೇಕು. ಈ ತಾಳ್ಮೆ ಪಾಳಿಯ ಮೊದಲ ಗಂಟೆಯಲ್ಲಿ ಇದ್ದಷ್ಟು ಹನ್ನೆರಡನೆಯ ಗಂಟೆಯಲ್ಲಿ ಉಳಿಯುವುದು ಕಷ್ಟ. ಮುಂದಿನ ಪಾಳಿಯವರು ಬರಲಿಲ್ಲವೆಂದು ಮತ್ತೆ ಕೂರಿಸಿದರಂತೂ ಕಿವಿ ಕೇಳಿದರೂ ತಲೆಗೆ ಹತ್ತುವುದಿಲ್ಲ.

ಕಾರ್ಖಾನೆಯ ಕಾರ್ಮಿಕರಿಗೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ಕೂಲಿ ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಆದರೆ ದುಡ್ಡು ನಿದ್ದೆಯನ್ನು ಮರಳಿಸುವುದಿಲ್ಲ. ಕರ್ನಾಟಕದಲ್ಲಂತೂ 108ರ ಸಿಬ್ಬಂದಿ ಬಾಕಿ ಸಂಬಳಕ್ಕಾಗಿಯೇ ಹಲವು ಸಲ ಬೀದಿಗಿಳಿದಿದ್ದಾರೆ. ಸಂಬಳ ತಡವಾದರೆ ಜನ ಕೆಲಸ ಬಿಡುತ್ತಾರೆ, ಉಳಿದವರ ಪಾಳಿ ಬೆಳೆಯುತ್ತದೆ, ಅವರೂ ದಣಿದು ಹೊರಡುತ್ತಾರೆ. ಕಾರವಾರದಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ರೋಗಿಗಳನ್ನು ಸಾಗಿಸುವ ನಮ್ಮವರಿಗೆ ಕರೆ ಸ್ವೀಕರಿಸುವವರೆಂಬ ಈ ಕೊಂಡಿಯ ಬೆಲೆ ಗೊತ್ತು.

ಸರ್ಕಾರಗಳು ಗಾಡಿಗಳ ಜೊತೆಗೆ ಜನರನ್ನೂ ಲೆಕ್ಕ ಹಾಕಲಿ, ರಜೆ ಹಾಕಿದವರ ಜಾಗಕ್ಕೆ ಬದಲಿಯವರನ್ನು ಇಡಲಿ. ನಾವು ಮಾಡಬಹುದಾದದ್ದೂ ಒಂದಿದೆ: ಮಕ್ಕಳ ಕೈಗೆ ಫೋನ್ ಕೊಟ್ಟಾಗ 108ಕ್ಕೆ ಸುಮ್ಮನೆ ಕರೆ ಹೋಗದಂತೆ ದಯವಿಟ್ಟು ನೋಡಿಕೊಳ್ಳಿ.