ವಾಂತಿಭೇದಿಗೂ ಒಂದು ಲೆಕ್ಕ ಇಡಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)

ಇವತ್ತು ನಾನು ಮಾತಾಡಬೇಕಾಗಿರೋದು ವಾಂತಿಭೇದಿ ಬಗ್ಗೆ. ನಗಬೇಡಿ. ಇದು ಸಭೆಯಲ್ಲಿ ಆಡೋ ಮಾತಲ್ಲ ಅಂತ ನಾವು ನಾಚಿಕೊಂಡು ಕೂತಿದ್ದರಿಂದಲೇ ಇದರ ಕಾರಣವನ್ನು ಯಾರೂ ಹುಡುಕುವುದಿಲ್ಲ.

ಒಂದು ಹಾಸ್ಟೆಲಿನಲ್ಲಿ ಒಂದೇ ರಾತ್ರಿ ಮೂವತ್ತು ಹುಡುಗರು ಮಲಗಿಬಿಟ್ಟರು ಅಂತ ಇಟ್ಟುಕೊಳ್ಳಿ. ಏನಂತಾರೆ? 'ಹೊರಗಡೆ ಏನೋ ತಿಂದಿದ್ದಾರೆ' ಅಂತಾರೆ. 'ಈ ಹುಡುಗರೇ ಗಲೀಜು' ಅಂತಾರೆ. ಎಲ್ಲರಿಗೂ ಒಂದೇ ಮಾತ್ರೆ ಹಂಚುತ್ತಾರೆ, ಕೆಲವರಿಗೆ ಗ್ಲೂಕೋಸ್ ಹಾಕ್ತಾರೆ. ಮೂರನೇ ದಿನ ಹುಡುಗರು ಎದ್ದು ಓಡಾಡ್ತಾರೆ, ವಿಷಯ ಮುಗಿಯಿತು. ನೀರಿನ ತೊಟ್ಟಿ ಹಾಗೇ ಇರುತ್ತೆ. ಪರೀಕ್ಷೆ ನಡೆಯದ ಕಡೆ ಆರೋಪ ನಡೆಯುತ್ತೆ. ಆ ಆರೋಪ ಬಂದು ಕೂರೋದು ಯಾರ ತಲೆ ಮೇಲೆ ಅಂತ ನಿಮಗೆ ಗೊತ್ತು.

ಅಮೆರಿಕದ ಒಹಾಯೊ ರಾಜ್ಯದಲ್ಲಿ ನಾರ್ವಾಕ್ ಅನ್ನೋ ಊರಿದೆ. 1968ರಲ್ಲಿ ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೂ ಮೇಷ್ಟ್ರುಗಳಿಗೂ ವಾಂತಿ ಶುರುವಾಯಿತು. ಬ್ಯಾಕ್ಟೀರಿಯ ಹುಡುಕಿದರು, ಸಿಗಲಿಲ್ಲ. ಆದರೆ ಅವರು ರೋಗಿಗಳ ಮಲದ ಮಾದರಿಯನ್ನು ಎಸೆಯಲಿಲ್ಲ. ಆ ಮಾದರಿಯ ಜಾಡು ಹಿಡಿದೇ 1972ರಲ್ಲಿ ಆಲ್ಬರ್ಟ್ ಕಪಿಕಿಯಾನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸನ್ನು ಕಂಡರು. ಇವತ್ತು ಅದಕ್ಕೆ ನೊರೊವೈರಸ್ ಅಂತಾರೆ. ಮಾರನೇ ವರ್ಷ, 1973ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ರೂತ್ ಬಿಷಪ್ ಮತ್ತು ಅವರ ಜೊತೆಗಾರರು ಎಳೆಮಕ್ಕಳ ಕರುಳಿನಲ್ಲಿ ಇನ್ನೊಂದನ್ನು ಕಂಡರು. ಗಾಲಿಯ ಹಾಗೆ ಕಾಣುವ ಅದು ರೋಟಾವೈರಸ್. ನಮ್ಮ ದೇಶದಲ್ಲಿ ಅದರ ಲಸಿಕೆಯನ್ನು ಸರ್ಕಾರವೇ 2016ರಿಂದ ಕೂಸುಗಳಿಗೆ ಕೊಡಲು ಶುರುಮಾಡಿತು. ಹಾಸ್ಟೆಲು, ಶಾಲೆ, ಮದುವೆ ಊಟ, ಹೀಗೆ ಜನ ಒಟ್ಟಿಗಿರುವ ಕಡೆ ಹೆಚ್ಚು ಕಾಡೋದು ನೊರೊವೈರಸ್.

'ನಮ್ಮ ಹತ್ತಿರ ಸೂಕ್ಷ್ಮದರ್ಶಕ ಎಲ್ಲಿದೆ?' ಅಂತ ಕೇಳ್ತೀರಿ. ಬೇಡ. ಒಂದು ನೋಟ್‌ಬುಕ್ ಸಾಕು. 1982ರಲ್ಲಿ ಕಾಪ್ಲಾನ್ ಮತ್ತು ಜೊತೆಗಾರರು ಇದಕ್ಕೆ ನಾಲ್ಕು ಗುರುತು ಹೇಳಿದರು. ಒಂದು, ಕಾಯಿಲೆ ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ವಾಂತಿ. ಎರಡು, ಸೋಂಕು ತಗುಲಿ ಸರಾಸರಿ 24ರಿಂದ 48 ಗಂಟೆಗೆ ಕಾಯಿಲೆ ಶುರು. ಮೂರು, ಸರಾಸರಿ 12ರಿಂದ 60 ಗಂಟೆಯೊಳಗೆ ವಾಸಿ. ನಾಲ್ಕು, ಮಲವನ್ನು ಕಲ್ಚರ್ ಮಾಡಿದರೂ ರೋಗದ ಬ್ಯಾಕ್ಟೀರಿಯ ಸಿಗದಿರೋದು. ನಾಲ್ಕೂ ಕೂಡಿಬಂದರೆ ನೊರೊವೈರಸ್ ಇರಬೇಕು ಅಂತ ಗಟ್ಟಿಯಾಗಿ ಅನುಮಾನಿಸಬಹುದು. ಊಟವಾಗಿ ಎರಡು ಮೂರು ಗಂಟೆಗೇ ಎಲ್ಲರೂ ವಾಂತಿ ಮಾಡಿಕೊಂಡರೆ ಅದು ಬೇರೆ. ಅನ್ನ ಸಾರಿನಲ್ಲೇ ಬೆಳೆದ ವಿಷ ಇರಬಹುದು.

ಮೊದಲ ಮೂರು ಗುರುತು ಬರೆದಿಡೋ ಕೆಲಸ ನಿಮ್ಮದು. ಯಾರಿಗೆ, ಯಾವ ಹೊತ್ತಿಗೆ ಶುರುವಾಯಿತು, ವಾಂತಿಯೋ ಭೇದಿಯೋ, ಹಿಂದಿನ ಎರಡು ದಿನ ಏನು ತಿಂದರು, ಯಾವ ನಲ್ಲಿ ನೀರು ಕುಡಿದರು, ಯಾವಾಗ ವಾಸಿಯಾಯಿತು. ಕಾಯಿಲೆ ಬೀಳದವರನ್ನೂ ಕೇಳಿ. ಅವರು ಏನು ತಿನ್ನಲಿಲ್ಲ ಅನ್ನೋದೂ ಪುರಾವೆಯೇ.

ನಾಲ್ಕನೆಯದು ಸರ್ಕಾರದ ಕೆಲಸ. ಅದನ್ನು ನೀವು ಕೇಳಿ ಮಾಡಿಸಬೇಕು. ಕನಿಷ್ಠ ಐದು ಜನರ ಮಲದ ಮಾದರಿಯನ್ನು, ಮೊದಲ ಎರಡು ಮೂರು ದಿನದೊಳಗೆ, ಮುಚ್ಚಳವಿರೋ ಡಬ್ಬಿಯಲ್ಲಿ ತಣ್ಣಗೆ ಇಟ್ಟು ಕಳಿಸಬೇಕು. ಜೊತೆಗೆ ತೊಟ್ಟಿ ತೊಳೆಯೋ ಮೊದಲೇ ನೀರಿನ ಮಾದರಿ ತೆಗೆಯಬೇಕು. ವೈರಸ್ ಹುಡುಕೋಕೆ ಪಿಸಿಆರ್ ಮಾಡ್ತಾರೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದೇ ಪರೀಕ್ಷೆ. ಚಿಕ್ಕ ಆಸ್ಪತ್ರೆಯಲ್ಲಿ ಸಿಗದಿದ್ದರೆ ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಬರೆದುಕೊಡಿ. ಇಂಥ ಕಾಯಿಲೆ ಮೇಲೆ ಕಣ್ಣಿಡೋಕೆ ಅಂತಲೇ 2004ರಲ್ಲಿ ಕಾರ್ಯಕ್ರಮ ಶುರುವಾಗಿದೆ. ಬಾಯಿಮಾತಲ್ಲ, ಅರ್ಜಿ ಕೊಡಿ, ಸ್ವೀಕೃತಿ ತಗೊಳ್ಳಿ.

ವೈರಸ್ಸಿಗೆ ಆಂಟಿಬಯಾಟಿಕ್ ಮಾತ್ರೆ ಕೆಲಸ ಮಾಡಲ್ಲ. ಬೇಕಿರೋದು ಓಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ, ಗುಟುಕು ಗುಟುಕಾಗಿ. ಆದರೆ ಮಲದಲ್ಲಿ ರಕ್ತ, ಜೋರು ಜ್ವರ, ಅಕ್ಕಿ ತೊಳೆದ ನೀರಿನಂಥ ಭೇದಿ, ಮೂತ್ರ ನಿಂತುಹೋಗೋದು, ಎದ್ದರೆ ತಲೆ ಸುತ್ತೋದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ, ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.

ಕೈಗೆ ಸೋಪು ನೀರೇ ಆಗಬೇಕು. ಸ್ಯಾನಿಟೈಸರಿಗೆ ನೊರೊವೈರಸ್ ಅಷ್ಟು ಜಗ್ಗಲ್ಲ. ಅಡುಗೆಯವರಿಗೆ ಕಾಯಿಲೆ ಬಂದರೆ, ವಾಸಿಯಾದ ಮೇಲೂ 48 ಗಂಟೆ ಅವರು ಒಲೆ ಹತ್ತಿರ ಬರಬಾರದು. ಆ ದಿನಗಳ ಕೂಲಿ ಕತ್ತರಿಸಿದರೆ ಅವರು ಕಾಯಿಲೆ ಮುಚ್ಚಿಟ್ಟು ಬರ್ತಾರೆ. ಆದ್ದರಿಂದ ಅವರ ಕೂಲಿಯನ್ನೂ ನೀವೇ ಕೇಳಬೇಕು.

ಗೆಳೆಯರೇ, ಪರೀಕ್ಷೆಯಲ್ಲಿ ಏನು ಬಂದರೂ ಒಪ್ಪಿಕೊಳ್ಳೋಣ. ತೊಟ್ಟಿಯದಾದರೆ ತೊಟ್ಟಿ, ನಮ್ಮ ಕೈಯದಾದರೆ ನಮ್ಮ ಕೈ. ಪರೀಕ್ಷೆ ಇಲ್ಲದೆ 'ನೀವು ಗಲೀಜು' ಅನ್ನೋದನ್ನು ಮಾತ್ರ ಒಪ್ಪಬೇಡಿ. ಇವತ್ತು ಹಾಸ್ಟೆಲಿಗೆ ಹೋದ ಮೇಲೆ ಒಂದು ನೋಟ್‌ಬುಕ್ ತೆಗೆದು ಗೆರೆ ಹಾಕಿಡಿ.